‘ಅವರ ಜ್ವಾಳ’

ಜೋಳದ ಎಳೆ ಎಲೆಯಿಂದ ಡಿಎನ್‌ಎ ತೆಗೆದು, ಅದರ ಅಕ್ಷರಗಳ ಸಾಲನ್ನು ಡೇಟಾಬೇಸಿಗೆ ಏರಿಸುವುದು ನನ್ನ ಕೆಲಸ. ಯಾವ ದೇಶದಲ್ಲಿ ಕುಳಿತವರೂ ತಮ್ಮ ಜೋಳದ ಸಾಲನ್ನು ಅದರೊಳಗೆ ಹಾಕಿ, ಅದರ ಬಳಗ ಎಲ್ಲೆಲ್ಲಿದೆ ಎಂದು ಹುಡುಕಬಹುದು. ನಮ್ಮ ಮಂದಿ ಬೀಗತನಕ್ಕೆ ಮೊದಲು ಮನೆತನ ವಿಚಾರಿಸುವುದಕ್ಕೂ ಇದಕ್ಕೂ ನನಗೆ ದೊಡ್ಡ ಫರಕು ಕಾಣುವುದಿಲ್ಲ.

ದೇವಾಪುರದಲ್ಲಿ ನನ್ನ ಕಾಕಾನ ಹೆಂಡತಿ ಚಿಗವ್ವ, ಸುತ್ತೆಲ್ಲ ಹತ್ತಿ ಬೆಳೆ ಬಂದರೂ, ಹೊಲದ ಒಂದು ಮೂಲೆಯಲ್ಲಿ ಹಳೆಯ ಜೋಳವೊಂದನ್ನು ಹಟ ಹಿಡಿದು ಬೆಳೆಯುತ್ತಿದ್ದಳು. ತೀರಿಹೋದ ಕಾಕಾ ವರ್ಷವರ್ಷವೂ ಒಳ್ಳೆಯ ತೆನೆ ಆರಿಸಿ ಉಳಿಸಿದ ಬೀಜ ಅದು. ಬೀಜ ಒಯ್ಯುವಾಗ ಹೆಸರು ಕೇಳಿದೆ. ‘ಅವರ ಜ್ವಾಳ’ ಎಂದಳು. ತಳಿಯ ಹೆಸರೇ ಅದೆಂದುಕೊಂಡು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಏರಿಸಿಬಿಟ್ಟೆ.

ನಮ್ಮ ಲ್ಯಾಬಿನ ಮೈಸೂರು ಕಡೆಯ ಗೆಳತಿ ಅದನ್ನು ನೋಡಿ, ಜೋಳಕ್ಕೂ ಅವರೆಕಾಳಿಗೂ ಯಾವಾಗ ಲಗ್ನವಾಯಿತು ಎಂದು ನಕ್ಕಳು. ನನಗೆ ರೇಗಿತು, ಆದರೆ ಅನುಮಾನವೂ ಹೊಕ್ಕಿತು. ಮುಂದಿನ ಸಲ ಊರಿಗೆ ಹೋದಾಗ ಪಕ್ಕದ ಹೊಲದವರನ್ನು ಕೇಳಿದೆ. ಊರೆಲ್ಲ ಆ ಜೋಳವನ್ನು ಕಾಕಾನ ಹೆಸರಿನಿಂದಲೇ ಕರೆಯುತ್ತದಂತೆ. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಚಿಗವ್ವ ಒಬ್ಬಳೇ ‘ಅವರ’ ಎನ್ನುತ್ತಿದ್ದಳು. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನಗು ಬಂತು.

ಚಿಗವ್ವ ನಗಲಿಲ್ಲ. ಬರುವ ವರ್ಷ ಆ ಮೂಲೆಗೂ ಹತ್ತಿಯೇ ಎಂದು ಮಗ ಹೇಳಿಯಾಗಿತ್ತು. ಬೀಜ ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿರುತ್ತದೆ, ಅವಳು ಹೇಳಿದ ಹೆಸರಿನಲ್ಲೇ ಸಾಲು ಡೇಟಾಬೇಸಿನಲ್ಲಿರುತ್ತದೆ, ಯಾವ ದೇಶದ ಮಂದಿಯೂ ನೋಡಬಹುದು, ಎಲ್ಲಿಗೂ ಹೋಗುವುದಿಲ್ಲ ಎಂದು ಸಮಾಧಾನ ಹೇಳಿದೆ.

‘ಅವರು ಅಂದ್ರ ಯಾರಂತ ಆ ಮಂದಿಗಿ ಹ್ಯಾಂಗ ತಿಳೀತದ?’ ಎಂದು ಕೇಳಿದಳು.

ಹೆಸರು ತಿದ್ದಬಹುದು ಎಂದು ಹೇಳಿ, ಲ್ಯಾಪ್‌ಟಾಪ್ ತೆಗೆದು ಕಾಕಾನ ಹೆಸರು ಟೈಪ್ ಮಾಡಲು ಹೋದೆ. ಚಿಗವ್ವ ಕೈ ಹಿಡಿದಳು.

‘ತಡಿ, ನಾ ಹೇಳತೀನಿ.’

ಕಾಕಾ ಬಾಗಿಲಿಗೆ ಬಂದು ನಿಂತಂತೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಗೋಡೆಯ ಕಡೆ ಮುಖ ತಿರುಗಿಸಿ, ಮೆಲ್ಲಗೆ ಆ ಹೆಸರು ಹೇಳಿದಳು. ಅವಳ ಬಾಯಲ್ಲಿ ಅದನ್ನು ನಾನು ಎಂದೂ ಕೇಳಿರಲಿಲ್ಲ. ಅಕ್ಷರ ತಪ್ಪಬಾರದು ಎಂಬ ನೆವ ತೆಗೆದು ಇನ್ನೊಮ್ಮೆ ಹೇಳಿಸಿದೆ. ಈ ಸಲ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಜ್ವಾಳದ ಹೆಸರ ಹೇಳೀನಿ ಮತ್ತ, ಅವರದಲ್ಲ’ ಎಂದಳು.