ನಾರು ಸೀಳುವ ಹಲ್ಲು

ಹನ್‌ಸಾನ್ ಊರಿನಲ್ಲಿ ಬಟ್ಟೆ ನೇಯಲು ಮೋಶಿ ಗಿಡದ ಕಾಂಡದ ನಾರನ್ನು ಹಲ್ಲಿನಿಂದಲೇ ಸೀಳಿ ಎಳೆ ತೆಗೆಯುತ್ತಾರೆ. ಒಕ್‌ಬುನ್ ಮದುವೆಯಾಗಿ ಬಂದಾಗ ಅತ್ತೆ ಅವಳ ಕೈಗೆ ಸೌಟು ಕೊಡುವ ಮೊದಲೇ ಬಾಯಿಗೆ ನಾರು ಕೊಟ್ಟಿದ್ದಳು. ತುಟಿ ಒಡೆಯಿತು, ಒಸಡು ಕಿತ್ತುಹೋಯಿತು, ಆಮೇಲೆ ಮುಂದಿನ ಹಲ್ಲಿನ ಅಂಚಿನಲ್ಲಿ ಸಣ್ಣದೊಂದು ಗೀರು ಮೂಡಿತು. ಆ ಗೀರಿನಲ್ಲಿ ಜಾರಿ ಬಂದ ಎಳೆ ಕೂದಲಿನಷ್ಟು ನಯ. ಊರಿನಲ್ಲಿ ಅಂಥ ಎಳೆ ತೆಗೆಯುವವಳು ಈಗ ಅವಳೊಬ್ಬಳೇ. ದವಡೆ ದಣಿದಿದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಈ ಬೇಸಿಗೆಯಲ್ಲಿ ಆ ಹಲ್ಲು ಅಲುಗತೊಡಗಿತು. ಎಳೆಯ ಮೇಲೆ ಕೆಂಪು ಕಲೆ ಬಿತ್ತು. ಹಸಿರೆಲೆ ಒಸಡಿಗೆ ಒಳ್ಳೆಯದೆಂದು ಟೀವಿಯಲ್ಲಿ ಹೇಳಿದ್ದರು. ಕಾಂಡ ಕೆಡಿಸಿದ್ದನ್ನು ಎಲೆ ಸರಿಮಾಡೀತು ಎಂದು ಒಕ್‌ಬುನ್ ಮೋಶಿ ಎಲೆಯ ಕಡುಬನ್ನು ಹೊತ್ತುಹೊತ್ತಿಗೂ ತಿಂದಳು. ಅಂಟು ಕಡುಬು ಹಲ್ಲಿನ ಸಂದಿಯಲ್ಲಿ ಕೂತಿತು. ನೋಯುತ್ತದೆಂದು ಅವಳು ಅಲ್ಲಿ ಬ್ರಷ್ ಆಡಿಸಲಿಲ್ಲ.

ಕೊನೆಗೆ ಪಕ್ಕದ ಮನೆಯ ಹ್ವಾಸುನ್ ಅವಳನ್ನು ದಂತವೈದ್ಯೆಯ ಬಳಿಗೆ ಎಳೆದುಕೊಂಡು ಹೋದಳು.

"ಅಜ್ಜಿ, ಸಂದೀಲಿ ಕೊಳೆ ಕೂತಿದೆ. ಅದರಲ್ಲಿರೋ ಕ್ರಿಮಿ ಕೊಲ್ಲೋಕೆ ನಿಮ್ಮ ಮೈಯೇ ಕಿಡಿ ಹಾರಿಸ್ತಿದೆ. ಕಿಡಿ ಜಾಸ್ತಿಯಾಗಿ ಒಸಡನ್ನೇ ಸುಡ್ತಿದೆ, ಒಳಗಿನ ಮೂಳೆ ಕರಗ್ತಿದೆ," ಎಂದಳು ವೈದ್ಯೆ.

"ಎಲೆ ಕಡುಬು ತಿಂತಿದೀನಲ್ಲ ತಾಯಿ?"

"ಎಲೆಯ ಸತ್ವ ಒಂದಿಷ್ಟು ಕಿಡಿ ಆರಿಸಬಹುದು. ಕೊಳೆ ಅಲ್ಲೇ ಇದ್ರೆ ಮತ್ತೆ ಹಾರ್ತಾನೇ ಇರುತ್ತೆ. ಅದನ್ನ ನಾನು ತೆಗೀತೀನಿ. ಆದ್ರೆ ಈ ಹಲ್ಲಲ್ಲಿ ಇನ್ನು ನಾರು ಸೀಳಬೇಡಿ, ಕಳಚಿ ಬರುತ್ತೆ."

"ಸೀಳದ ಹಲ್ಲು ಇಟ್ಕೊಂಡು ಏನ್ ಮಾಡ್ಲಿ?"

"ನಗು ಅಕ್ಕಾ," ಎಂದಳು ಹ್ವಾಸುನ್. "ಆ ಬಾಯಲ್ಲಿ ನಾರು ಬಿಟ್ಟು ಬೇರೇನೂ ಕಂಡಿಲ್ಲ ನಾನು."

ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಎಳೆಗಾಗಿ ಕಾಯುತ್ತಿತ್ತು. ಮರುದಿನ ಜಗುಲಿಯಲ್ಲಿ ಅವಳ ಬದಲು ಹ್ವಾಸುನ್ ನಾರು ಸೀಳಿದಳು. ಒಕ್‌ಬುನ್ ಎಳೆಗಳನ್ನು ಬರಿ ಮೊಣಕಾಲಿನ ಮೇಲೆ ಹೊಸೆದು ಸೇರಿಸುತ್ತ ಕೂತಳು.

"ದಪ್ಪ ಆಯ್ತಾ ಅಕ್ಕ?"

"ಇದರಲ್ಲಿ ಎತ್ತು ಕಟ್ಟಬಹುದು."

"ಹಾಗಾದ್ರೆ ನನ್ನನ್ನೇ ಕಟ್ಟಿಹಾಕು."

ಒಕ್‌ಬುನ್ ಒಂದು ನಾರನ್ನು ತುಟಿಗಿಟ್ಟಳು. ನಾಲಿಗೆ ತಾಗಿದ್ದಕ್ಕೇ ಹಲ್ಲು ಅಲುಗಿತು. ಅವಳು ನಾರನ್ನು ಹ್ವಾಸುನ್‌ಳ ಕಡೆ ಚಾಚಿದಳು.

"ಕಚ್ಚಬೇಡ. ಹಲ್ಲು ಬರೀ ದಾರಿ ತೋರಿಸಬೇಕು. ಎಳೆಯೋದೆಲ್ಲ ಬೆರಳು."

ಹ್ವಾಸುನ್ ಎಳೆದಳು. ಎಳೆ ಒಂದು ಗೇಣು ನಯವಾಗಿ ಬಂದು ಪಟ್ಟನೆ ಹರಿಯಿತು.

"ಇನ್ನೊಂದು ತಗೋ," ಎಂದಳು ಒಕ್‌ಬುನ್.