ಹಂಡೆಯಿಂದ ಹಾಲೆಂಡಿಗೆ

ರಾಜಮ್ಮಣ್ಣಿ ಮೇಡಂ ಯಾವುದನ್ನೇ ಆಗಲಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ನಂಬುತ್ತಿರಲಿಲ್ಲ. ತೆಂಗಿನಕಾಯಿಯನ್ನು ನಮ್ಮ ಕಡೆ ಎಲ್ಲರೂ ಹಾಗೆಯೇ ನೋಡುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಮಲಗಿದ ಕಾಯಿ ಕುಳುಕುಳು ಎಂದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಗಡಗಡ ಎಂದರೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆ, ಇನ್ನು ತಿಪಟೂರಿನ ಮಾರುಕಟ್ಟೆಗೆ ಹೊರಡಬಹುದು. ಆದರೆ ನಮ್ಮ ಮೇಡಂ ಹೊಸ ಪಠ್ಯಪುಸ್ತಕ ಬಂದರೂ ಅಲ್ಲಾಡಿಸುತ್ತಿದ್ದರು, ಸರ್ಕಾರದ ಸುತ್ತೋಲೆ ಬಂದರೂ ಅಲ್ಲಾಡಿಸುತ್ತಿದ್ದರು. ತರಗತಿಯಲ್ಲಿ ತಪ್ಪು ಉತ್ತರ ಹೇಳಿದವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿ ತಾಗಿಸಿ, ಮೆಲ್ಲಗೆ ಅಲ್ಲಾಡಿಸಿ, "ಇನ್ನೂ ನೀರೈತೆ ಕಣೇ. ಅಟ್ಟ ಹತ್ತು" ಎನ್ನುತ್ತಿದ್ದರು. ಅಟ್ಟ ಎಂದರೆ ಹಿಂದಿನ ಬೆಂಚು. ನಾನು ಹೈಸ್ಕೂಲಿನ ಬಹುಪಾಲನ್ನು ಅಟ್ಟದ ಮೇಲೇ ಕಳೆದೆ.

ಅವರು ನೊಣವಿನಕೆರೆಯವರು. ಕಂದಿಕೆರೆ ಕಡೆಯ ನಮ್ಮೂರಿಗೆ ಸಮಾಜ ವಿಜ್ಞಾನದ ಟೀಚರಾಗಿ ಬಂದವರು, ಬಸ್ಸಿನಲ್ಲಿ ಓಡಾಡಿ ಸಾಕಾಗಿ ಶಾಲೆಯ ಹಿಂದೆಯೇ ಮನೆ ಕಟ್ಟಿಕೊಂಡು, ಸಣ್ಣದೊಂದು ತೋಟ ಮಾಡಿಕೊಂಡು, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಬಂದೋರ್ನೆಲ್ಲ ಅಲ್ಲಾಡಿಸಿ ನೋಡ್ದೆ ಕಣ್ರೀ, ಒಂದೂ ಒಣಗಿರ್ಲಿಲ್ಲ" ಎನ್ನುತ್ತಿದ್ದರು. ಹೆಸರಿನಲ್ಲಿ ರಾಜನೂ ಇದ್ದ, ಅಮ್ಮಣ್ಣಿಯೂ ಇದ್ದಳು. ಮಾತಿನಲ್ಲಿ ಮಾತ್ರ ಸದಾ ಪ್ರಜಾಪ್ರಭುತ್ವ. ಶಾಲೆಯ ಗಂಟೆ ಹೊಡೆಯುವ ಸರದಿಯನ್ನೂ ಕೈ ಎತ್ತಿಸಿಯೇ ತೀರ್ಮಾನಿಸುತ್ತಿದ್ದರು.

ನಮ್ಮ ಪುಸ್ತಕದಲ್ಲಿ ಒಂದು ಪಾಠವಿತ್ತು. ಅಸಮಾನತೆ, ಕೈಗಾರಿಕೀಕರಣ, ಪ್ರಜಾಪ್ರಭುತ್ವ, ಜಾಗತೀಕರಣ ಎಂಬ ನಾಲ್ಕು ಪದಗಳು ಅದರಲ್ಲಿ ಸಾಲಿಗೊಂದರಂತೆ ಬರುತ್ತಿದ್ದವು. ಓದುವಾಗ ನಾಲಿಗೆ ಎಡವಿ ಬೀಳುತ್ತಿತ್ತು. ಮೇಡಂ ಪುಸ್ತಕ ಮುಚ್ಚಿ, ಸೀರೆಯ ಸೆರಗಿನ ಅಡಿಯಿಂದ ಹೊರಗಿನ ನಾರಿನ ಮಟ್ಟೆಸಮೇತ ಒಂದು ತೆಂಗಿನಕಾಯಿ ತೆಗೆದು ಮೇಜಿನ ಮೇಲಿಟ್ಟರು.

"ಈ ಪದಗಳು ನಿಮ್ಮಪ್ಪನ ಪಂಚೆಗಿಂತ ಉದ್ದ ಅವೆ. ಕಾಯಿ ಅಳತೆಗೆ ತರಾನ" ಎಂದರು.

ನಮ್ಮಲ್ಲೇ ಒಬ್ಬಳನ್ನು ತೋಟದ ಯಜಮಾನಿ ಮಾಡಿದರು, ಒಬ್ಬನನ್ನು ವ್ಯಾಪಾರಿ, ನನ್ನನ್ನು ಕಾಯಿ ಸುಲಿಯುವವಳು. ಈಗ ಹಂಚಿಕೊಳ್ಳಿ ಎಂದರು. ಯಜಮಾನಿ ಕೊಬ್ಬರಿ ತನಗೆ ಎಂದಳು. ವ್ಯಾಪಾರಿ ಅವಳನ್ನು ಪುಸಲಾಯಿಸಿ ಅರ್ಧ ಕಿತ್ತುಕೊಂಡು, ಎಳೆನೀರಿನ ಆಸೆಗೆ ನೀರನ್ನೂ ಕೇಳಿದ. ಚಿಪ್ಪು ಇದ್ದಿಲಿನವರಿಗೆ ಹೋಯಿತು. ನನ್ನ ಪಾಲಿಗೆ ಮಟ್ಟೆ ಉಳಿಯಿತು. ನಾನು ಮುಖ ಊದಿಸಿಕೊಂಡೆ.

"ಯಾಕೇ ಮುಖ ಸಿಂಡರಿಸ್ತೀಯ? ಮಟ್ಟೆ ಸಿಕ್ತಲ್ಲ, ಹಂಡೆ ಕಾಯಿಸ್ಕಂಡು ಸ್ನಾನ ಮಾಡು. ಯಾರ್ಗೂ ಬೇಡದ್ದು ಬಡವ್ರಿಗೆ, ಇದೇ ಲೋಕದ ಹಂಚಿಕೆ. ಅದನ್ನೂ ಬೇಕು ಅನ್ನೋನೊಬ್ಬ ಹುಟ್ಲಿ ತಡಿ, ಆಗ ಐತೆ ನಿಂಗೆ."

ಆಮೇಲೆ, "ಈಗ ಪ್ರಜಾಪ್ರಭುತ್ವ ಬಂತು ಅನ್ಕಳಿ. ಈ ಕಾಯಿ ಏನ್ಮಾಡಾನ? ಕೈ ಎತ್ತಿ ಹೇಳಿ" ಎಂದರು. ಒಡೆದು ತಿನ್ನೋಣ ಎಂದು ಇಡೀ ತರಗತಿ ಒಮ್ಮತದಿಂದ ಕೈ ಎತ್ತಿತು. ಯಾರೋ ಚೀಲದಿಂದ ಬೆಲ್ಲವನ್ನೂ ತೆಗೆದರು. ಮೇಡಂ ಹಣೆ ಚಚ್ಚಿಕೊಂಡು, "ಥೂ ನಿಮ್ಮ, ಸ್ವಾತಂತ್ರ್ಯ ಬಂದ ಮಧ್ಯಾಹ್ನವೇ ಬಂಡವಾಳ ನುಂಗಿಬುಟ್ರಲ್ರೇ!" ಎಂದು ಬೈದು, ಇದ್ದುದರಲ್ಲಿ ದೊಡ್ಡ ಹೋಳನ್ನು ತಾವೇ ಎತ್ತಿಕೊಂಡರು.

ಕೈಗಾರಿಕಾ ಕ್ರಾಂತಿ ಎಲ್ಲಿ ಆಯಿತು ಎಂದು ಕೇಳಿದಾಗ ನಾವು ಇಂಗ್ಲೆಂಡಿನಲ್ಲಿ ಎಂದರೆ, "ಅದು ಪರೀಕ್ಷೆಗೆ" ಎನ್ನುತ್ತಿದ್ದರು. ನಮ್ಮೂರಿಗೆ ಯಾವಾಗ ಬರುತ್ತೆ ಮೇಡಂ ಎಂದು ಒಬ್ಬ ಕೇಳಿದ. "ಹುಳಿಯಾರು ರಸ್ತೆ ಕೆಟ್ಟೈತೆ, ಅದುಕ್ಕೆ ತಡ. ಬತ್ತದೆ ಬುಡು."

ಬಂತು. ನಾನು ಶಾಲೆ ಮುಗಿಸಿ, ಮದುವೆಯಾಗಿ, ತಿಪಟೂರಿನ ಕಾಲೇಜು ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟ ಮೇಲೆ ಬಂತು. ಮಲ್ಲಣ್ಣ ಎಂಬವರು ಊರಾಚೆ ನಾರಿನ ಕಾರ್ಖಾನೆ ಹಾಕಿದರು. ಮಟ್ಟೆಯನ್ನು ಯಂತ್ರಕ್ಕೆ ಹಾಕಿದರೆ ಒಂದು ಕಡೆ ನಾರು, ಇನ್ನೊಂದು ಕಡೆ ಪುಡಿ. ಆ ಪುಡಿಯನ್ನು ಒಣಗಿಸಿ, ಇಟ್ಟಿಗೆಯ ಹಾಗೆ ಒತ್ತಿ, ಹಡಗಿನಲ್ಲಿ ಹಾಲೆಂಡಿಗೆ ಕಳಿಸುತ್ತಾರೆ. ಅಲ್ಲಿ ಗಾಜಿನ ಮನೆಯೊಳಗೆ ಅದರ ಮೇಲೆ ಟೊಮೇಟೊ ಬೆಳೆಯುತ್ತಾರೆ. ಇದನ್ನು ಕೇಳಿ ನಮ್ಮೂರು ಒಂದು ವಾರ ನಕ್ಕಿತು. ಆಮೇಲೆ ಮಟ್ಟೆಗೆ ಬೆಲೆ ಬಂದಿದೆ ಎಂದು ಗೊತ್ತಾಗಿ ನಗುವುದನ್ನು ನಿಲ್ಲಿಸಿತು.

ಅಲ್ಲಿಯವರೆಗೆ ನಮ್ಮೂರಿನ ದೇವರ ತೋಟದ ಮಟ್ಟೆ ಎಲ್ಲರದೂ ಆಗಿತ್ತು. ಸುಲಿದ ರಾಶಿ ಬೇಲಿಯ ಪಕ್ಕ ಬಿದ್ದಿರುತ್ತಿತ್ತು, ತೋಟವಿಲ್ಲದವರು ಕುಕ್ಕೆಯಲ್ಲಿ ಹೊತ್ತೊಯ್ದು ಬಚ್ಚಲೊಲೆಗೆ ಹಾಕಿಕೊಳ್ಳುತ್ತಿದ್ದರು. ಕೇಳುವ ಪದ್ಧತಿಯೇ ಇರಲಿಲ್ಲ. ಊರಿನಲ್ಲಿ ಎಷ್ಟೇ ಮೇಲುಕೀಳಿರಲಿ, ಬಿಸಿನೀರಿನ ಮಟ್ಟಿಗೆ ಎಲ್ಲರೂ ಒಂದೇ ಎಂದು ಮೇಡಂ ಹೆಮ್ಮೆಯಿಂದ ಹೇಳುತ್ತಿದ್ದರು. ಈಗ ಆ ರಾಶಿಯನ್ನು ಕಾರ್ಖಾನೆಗೆ ಕೊಡುವುದೋ ಬೇಡವೋ ಎಂದು ತೀರ್ಮಾನಿಸಲು ಶಾಲೆಯ ಹೊಂಗೆಮರದ ಕೆಳಗೆ ಊರ ಸಭೆ ಕರೆದರು. ನಾನು ಅಂದು ತವರಿನಲ್ಲಿದ್ದೆ, ಹೋಗಿದ್ದೆ.

ಸಭೆಗೆ ಮೊದಲೇ ಮೇಡಂ, ಕೆಂಪಕ್ಕನಿಗೆ ವಿಷಯ ತಿಳಿಸಲು ಹೆಣಗಾಡುತ್ತಿದ್ದರು. ಕೆಂಪಕ್ಕ ಅವರ ತೋಟದಲ್ಲಿ ಕಾಯಿ ಸುಲಿಯುವವಳು. ಮೊಣಕಾಲು ನೋವು ಬಂದಾಗಿನಿಂದ ಬಿಸಿನೀರು ಹುಯ್ದುಕೊಳ್ಳದೆ ಮೇಲೇಳುತ್ತಿರಲಿಲ್ಲ.

"ನೋಡು ಕೆಂಪಿ, ನಿನ್ನ ಒಲೆಗೆ ಹೋಗೋ ಮಟ್ಟೆ ಇನ್ಮೇಲೆ ಹಾಲೆಂಡಿಗೆ ಹೋಯ್ತದೆ."

"ಯಾವ ಹಂಡೆಗೆ?"

"ಹಂಡೆ ಅಲ್ಲ ಕಣೇ, ಹಾಲೆಂಡು."

"ಹಾಲಂಡೇನಾ! ಅದ್ಯಾರ ಮನೇದು ಮೇಡಮ್ಮ, ಆ ಹಾಲಿನ ಹಂಡೆ? ಸುತ್ತೇಳು ಊರಿನ ಮಟ್ಟೆ ಹಾಕುದ್ರೂ ಕಾಯಕಿಲ್ಲ ಅಂದ್ರೆ ಅದೆಷ್ಟು ದೊಡ್ಡದಿರಬೈದು!"

ಮೇಡಂ ತಿದ್ದುವ ಆಸೆ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನಾನು ಜಾಗತೀಕರಣ ಅಂತ ಇಷ್ಟು ವರ್ಷ ಒದರಿದ್ನಲ್ಲ, ಇದೇ ನೋಡು. ಬೋರ್ಡಿನ ಮೇಲೆ ಹಂಡೆ ಬರ್ದಿದ್ರೆ ನೀನೂ ಪಾಸಾಗ್ತಿದ್ದೆ" ಎಂದರು. ಅಂದಿನಿಂದ ಅವರ ಬಾಯಲ್ಲೂ ಆ ದೇಶ ಹಾಲಂಡೆಯೇ ಆಯಿತು.

ಸಭೆಯಲ್ಲಿ ಮೇಡಂ ಚೆನ್ನಾಗಿ ಮಾತಾಡಿದರು. ಯಾರ್ಗೂ ಬೇಡದ್ದು ಬಡವ್ರಿಗೆ ಎಂಬ ಹಳೇ ಪಾಠವನ್ನೇ ಮತ್ತೆ ಹೇಳಿದರು. ಕಾರ್ಖಾನೆ ಬೇಡ ಅನ್ನಲಿಲ್ಲ. ರಾಶಿಯ ಒಂದು ಪಾಲು ಬೇಲಿಯ ಪಕ್ಕ ಹಾಗೇ ಇರಲಿ ಅಂದರು. ಮಲ್ಲಣ್ಣನವರು ಎದ್ದು, ಪೂರ್ತಿ ರಾಶಿ ಕೊಟ್ಟರೆ ಊರಿನ ಹೆಣ್ಣುಮಕ್ಕಳಿಗೇ ಕೆಲಸ ಎಂದು ಎರಡೇ ಮಾತು ಹೇಳಿ ಕೂತರು. ಕೈ ಎತ್ತಿಸಿದರು. ಕಾರ್ಖಾನೆಯ ಕಡೆಗೆ ಕೈಗಳ ಕಾಡೇ ಎದ್ದಿತು. ಮೇಡಂ ಕಡೆಗೆ ಎದ್ದದ್ದು ಎರಡು. ಒಂದು ಅವರದೇ. ಇನ್ನೊಂದು ಕಿವಿ ಮಂದವಾದ ಈರಜ್ಜನದು. ಅವನು ಟೀ ಯಾರಿಗೆ ಬೇಕು ಎಂದು ಕೇಳುತ್ತಿದ್ದಾರೆ ಎಂದುಕೊಂಡಿದ್ದ.

ಕಾಡಿನೊಳಗೆ ಕೆಂಪಕ್ಕನ ಕೈಯೂ ಇತ್ತು. ಸಭೆ ಚದುರಿದ ಮೇಲೆ ಮೇಡಂ ಅವಳನ್ನು ಹಿಡಿದು ನಿಲ್ಲಿಸಿದರು.

"ನೀನೂ ಎತ್ದಾ ಕೆಂಪಿ? ನಿನ್ನ ಸಲ್ವಾಗೇ ಅಲ್ವೇನೇ ನಾನು ಗಂಟ್ಲು ಹರ್ಕಂಡಿದ್ದು?"

"ಏನ್ಮಾಡ್ಲಿ ಮೇಡಮ್ಮ, ನಮ್ಮ ಲಕ್ಷ್ಮಿಗೆ ಕೆಲ್ಸ ಕೊಡ್ತೀನಿ ಅಂದವ್ರೆ. ಸೊಸೆ ಬಿಸ್ಲಲ್ಲಿ ಕೂಲಿಗೆ ಅಲೆಯಾದು ತಪ್ತದೆ. ನನ್ನ ಮಂಡಿ ಕತೆ ಬುಡಿ, ತಣ್ಣೀರಾದ್ರೆ ತಣ್ಣೀರು."

ಮೇಡಂ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿ ತಾಗಿಸಿ ಅಲ್ಲಾಡಿಸಿದರು. "ಸರಿ ಬುಡು. ಒಣಗಿದ ಕಾಯೇ. ಪ್ರಜಾಪ್ರಭುತ್ವ ಅಂದ್ರೆ ನಂಗೆ ಬೇಕಾದಂಗೆ ಕೈ ಎತ್ತೋದು ಅಂತ ಯಾವ ಪುಸ್ತಕದಲ್ಲೂ ಬರ್ದಿಲ್ಲ. ಆದ್ರೆ ತಣ್ಣೀರು ಮಾತ್ರ ನಾನಿರೋಗಂಟ ಬ್ಯಾಡ."

ಲಕ್ಷ್ಮಿಗೆ ಕೆಲಸ ಸಿಕ್ಕಿತು. ದೇವರ ತೋಟದ ಬೇಲಿಯ ಪಕ್ಕ ಖಾಲಿಯಾಯಿತು. ಕಾರ್ಖಾನೆಯ ಆಟೋ ಮೇಡಂ ಮನೆಯ ಮುಂದೂ ಬಂದು ನಿಂತಿತು. "ನಮ್ಮನೇ ಮಟ್ಟೆ ನಮ್ಮನೇ ಹಂಡೆಗೆ. ಹಾಲಂಡೆಗೆ ಇಲ್ಲ ಅಂತ ಹೇಳು" ಎಂದು ವಾಪಸು ಅಟ್ಟಿದರು. ಮಾರನೆಯ ಬೆಳಗಿನಿಂದ ಅವರ ಹಿತ್ತಲಿನ ತಾಮ್ರದ ಹಂಡೆ ಊರಿನ ಹಂಡೆಯಾಯಿತು. ಬಚ್ಚಲೊಲೆ ಆರುತ್ತಲೇ ಇರಲಿಲ್ಲ. ಕೆಂಪಕ್ಕ ಮೊದಲು, ಅವಳ ಹಿಂದೆ ಮಟ್ಟೆ ಕಳೆದುಕೊಂಡ ಉಳಿದ ಮನೆಗಳವರು. ನಿಯಮ ಒಂದೇ: ಒಂದು ಬಿಂದಿಗೆ ಬಿಸಿನೀರು ತೆಗೆದರೆ ಒಂದು ಬಿಂದಿಗೆ ತಣ್ಣೀರು ಹುಯ್ಯಬೇಕು. "ಹುಯ್ಯದೆ ಹೋದೋರ ಮಕ್ಳು ಅರ್ಥಶಾಸ್ತ್ರದಲ್ಲಿ ಫೇಲಾಗ್ತಾರೆ" ಎಂದು ಹೆದರಿಸಿದ್ದರು. ನನ್ನಮ್ಮ ಇದನ್ನು ಕೇಳಿ, ನಾನು ಫೇಲಾದದ್ದು ತಾನು ಯಾವ ಹಂಡೆಗೆ ನೀರು ಹುಯ್ಯದೆ ಬಂದಿದ್ದಕ್ಕೋ ಎಂದು ಬಹಳ ದಿನ ಯೋಚಿಸಿದಳು.

ಒಂದು ಮೋಡದ ವಾರ, ಮಲ್ಲಣ್ಣನವರ ತಾರಸಿಯ ಸೋಲಾರ್ ಕೈಕೊಟ್ಟಿತು. ಮೇಲಾಗಿ ಕರೆಂಟೂ ಇಲ್ಲ. ಹಾಲೆಂಡಿಗೆ ಸರಕು ಕಳಿಸುವವರು ಬಿಂದಿಗೆ ಹಿಡಿದು ಹಿತ್ತಲ ಬಾಗಿಲಿಗೆ ಬಂದರು. ಸಾಲಿನಲ್ಲಿದ್ದ ಹೆಂಗಸರು ದಾರಿ ಬಿಡಲು ಹೋದಾಗ ಮೇಡಂ ಕೈ ಅಡ್ಡ ಹಿಡಿದರು.

"ಯಾರೂ ಸರೀಬ್ಯಾಡಿ. ಮಲ್ಲಣ್ಣ, ನೀರೂ ಕಾಯ್ತೈತೆ, ನೀವೂ ಕಾಯ್ರಿ. ಎರಡೂ ಒಟ್ಟಿಗೇ ಬಿಸಿ ಆಗ್ಲಿ."

ಮಲ್ಲಣ್ಣ ಒಳ್ಳೆಯ ಮನುಷ್ಯ. ಕೆಂಪಕ್ಕನ ಹಿಂದೆ ನಿಂತು ಕಾದರು, ನಿಯಮದಂತೆ ತಣ್ಣೀರು ಹುಯ್ದು, ಬಿಂದಿಗೆ ಹೆಗಲಿಗೇರಿಸಿಕೊಂಡು ಹೋದರು. ಆಟೋ ಮಾತ್ರ ಆಮೇಲೆ ಆ ಮನೆಯ ಮುಂದೆ ನಿಲ್ಲಲಿಲ್ಲ.

ನನ್ನ ಅಂಗಡಿಗೆ ಕಾಲೇಜು ಮಕ್ಕಳು ಅರ್ಥಶಾಸ್ತ್ರದ ನೋಟ್ಸು ತರುತ್ತಾರೆ. ಅವೇ ನಾಲ್ಕು ಉದ್ದುದ್ದ ಪದಗಳು. ಯಂತ್ರದ ಬೆಳಕು ಅವುಗಳ ಮೇಲೆ ಹಾದು ಹೋಗುವಾಗ ನಾನು ಓದುತ್ತೇನೆ. ಯಾವುದರಲ್ಲೂ ಹಂಡೆ ಇಲ್ಲ. ಇದನ್ನು ಮೇಡಂಗೆ ಹೇಳಬೇಕೆಂದುಕೊಂಡೇ ಕಳೆದ ವರ್ಷ ಅವರನ್ನು ನೋಡಲು ಹೋದೆ. ಹಾಸಿಗೆ ಹಿಡಿದಿದ್ದರು. ಕೈಗಳು ಒಣಗಿದ ಸೋಗೆಯಂತಾಗಿದ್ದವು. ಹಿತ್ತಲಲ್ಲಿ ಬಿಂದಿಗೆಯ ಸದ್ದು ಮಾತ್ರ ಎಂದಿನಂತೆ ಕೇಳುತ್ತಿತ್ತು. ಲಕ್ಷ್ಮಿ ಕೆಲಸಕ್ಕೆ ಹೋಗುವ ಮೊದಲು ಬಂದು ಒಲೆ ಹೊತ್ತಿಸಿ ಹೋಗುತ್ತಿದ್ದಳಂತೆ.

"ನಿನ್ನ ಮಿಷನ್ನು ಇನ್ನೂ ಕಾಪಿ ಹೊಡೀತೈತೇನೇ?"

"ಹ್ಞೂ ಮೇಡಂ."

"ನಿನ್ನತ್ರ ಕಲ್ತಿರಬೇಕು."

ನಾನು ನಗಲು ಹೋದೆ, ಆಗಲಿಲ್ಲ. ಬಾ ಎಂದು ಸನ್ನೆ ಮಾಡಿದರು. ಬಗ್ಗಿದೆ. ನನ್ನ ತಲೆಯನ್ನು ಹಿಡಿದು, ಇದ್ದ ಶಕ್ತಿಯಲ್ಲಿ ಒಂದಿಷ್ಟು ಅಲ್ಲಾಡಿಸಿದರು. ನನ್ನ ಕಣ್ಣಿನಿಂದ ಅವರ ಕೆನ್ನೆಯ ಮೇಲೆ ಒಂದು ಹನಿ ಬಿತ್ತು.

"ಇನ್ನೂ ನೀರೈತೆ ಕಣೇ" ಎಂದರು. "ಅಟ್ಟ ಹತ್ತು."

ಅವರು ಹೋದ ಸುದ್ದಿ ಬಂದಾಗ ವಾರದಿಂದ ಮಳೆ ಹಿಡಿದಿತ್ತು. ನಾನು ಊರು ತಲುಪುವಷ್ಟರಲ್ಲಿ ಹಿತ್ತಲಲ್ಲಿ ಹೆಂಗಸರೆಲ್ಲ ಕಣ್ಣುಜ್ಜಿಕೊಳ್ಳುತ್ತಾ ನಿಂತಿದ್ದರು, ಅರ್ಧ ಅಳುವಿಗೆ, ಅರ್ಧ ಹೊಗೆಗೆ. ಕೊನೆಯ ಸ್ನಾನಕ್ಕೆ ಬಿಸಿನೀರು ಬೇಕು. ಮೇಡಂ ಅವರ ಮಟ್ಟೆರಾಶಿ ನೆನೆದು ತೊಪ್ಪೆಯಾಗಿತ್ತು, ಎಷ್ಟು ಊದಿದರೂ ಹೊತ್ತುತ್ತಿರಲಿಲ್ಲ. ಊರಿಗೆಲ್ಲ ಬಿಸಿನೀರು ಕೊಟ್ಟವರಿಗೆ ತಣ್ಣೀರೇ ಗತಿಯೇ ಎಂದು ನನಗೆ ದುಃಖ ಉಕ್ಕಿ ಬಂತು.

ಅಷ್ಟರಲ್ಲಿ ಕಾರ್ಖಾನೆಯ ಆಟೋ ಬಂದು ಮನೆಯ ಮುಂದೆ ನಿಂತಿತು. ಲಕ್ಷ್ಮಿ ಈಗ ಅಲ್ಲಿ ಒಣ ಮಟ್ಟೆಯ ಶೆಡ್ಡಿನ ಮೇಲ್ವಿಚಾರಕಿ. ಆಟೋ ತುಂಬ ಗರಿಗರಿ ಒಣಗಿದ ಮಟ್ಟೆ ತಂದಿದ್ದಳು. ಹಿಂದೆಯೇ ಕಾರ್ಖಾನೆಯ ಲೆಕ್ಕ ಬರೆಯುವ ರೈಟರ್ ಕೊಡೆ ಹಿಡಿದು ಓಡಿಬಂದ. ಲಾರಿ ಕಾಯುತ್ತಿದೆ, ಸರಕು ಕಮ್ಮಿ ಬೀಳುತ್ತದೆ, ಹಾಲೆಂಡಿನವರಿಗೆ ಏನು ಹೇಳಲಿ ಎಂದು ಗೊಣಗಿದ. ಮಳೆಯಲ್ಲಿ ನೆನೆಯುತ್ತಾ ನಿಂತಿದ್ದ ಮಲ್ಲಣ್ಣ ತಲೆ ತಗ್ಗಿಸಿದರು. ಉತ್ತರ ಕೊಟ್ಟಿದ್ದು ಒಲೆಯ ಮುಂದೆ ಮಂಡಿಯೂರಿ ಕೂತಿದ್ದ ಕೆಂಪಕ್ಕ.

"ಆ ಹಾಲಂಡೆ ಒಂದಿನ ಕಾಯ್ಲಿ ಬುಡಪ್ಪ. ನಮ್ಮ ಮೇಡಮ್ಮನ ಹಂಡೆ ಕಾಯ್ಲಿ."

ಒಲೆ ಭಗ್ಗನೆ ಹೊತ್ತಿಕೊಂಡಿತು. ನೀರು ಕಾದ ಮೇಲೆ ಹೆಂಗಸರು ಬಿಂದಿಗೆ ಬಿಂದಿಗೆಯಾಗಿ ಮೊಗೆದು ಒಳಗೆ ಸಾಗಿಸಿದರು. ನಾನೂ ಒಂದು ಬಿಂದಿಗೆ ಒಯ್ದೆ. ಎಲ್ಲ ಮುಗಿದು ಮನೆ ಖಾಲಿಯಾದಾಗ, ಉಳಿದ ನೀರು ಚೆಲ್ಲಿ ಹಂಡೆ ಮಗುಚೋಣವೆಂದು ಹಿತ್ತಲಿಗೆ ಬಂದೆ. ಹಂಡೆ ತುಂಬಿತ್ತು. ತೆಗೆದವರೆಲ್ಲ ಒಂದೊಂದು ಬಿಂದಿಗೆ ಹುಯ್ದೇ ಹೋಗಿದ್ದರು.