ಕಮಲಾಪುರ ಕ್ಷೇತ್ರದ ದನಿ

ಗೆದ್ದ ಶಾಸಕರ ಹೆಸರು ಹೇಳಿ ಅಂದರೆ ನಮ್ಮ ಕಮಲಾಪುರದವರು ತಲೆ ಕೆರೆದುಕೊಂಡಾರು. ನಬಿಸಾಬರ ಹೆಸರನ್ನು ಮಾತ್ರ ಥಟ್ಟನೆ ಹೇಳುತ್ತಾರೆ. ಅವರು ಚುನಾವಣೆಗೆ ನಿಂತವರಲ್ಲ, ಯಾವ ಪಕ್ಷಕ್ಕೂ ಸೇರಿದವರಲ್ಲ. ಆದರೆ ಎಂಬತ್ತಮೂರರಿಂದ ಎರಡು ಸಾವಿರದ ನಾಲ್ಕರವರೆಗೆ, ಆರು ವಿಧಾನಸಭಾ ಚುನಾವಣೆಗಳಲ್ಲಿ ಕಮಲಾಪುರ ಮತಕ್ಷೇತ್ರದ ಹಳ್ಳಿಹಳ್ಳಿಯಲ್ಲಿ ಮೈಕಿನಿಂದ ಮತ ಕೇಳಿದ್ದು ಅವರ ದನಿ.

ಕೈಗೂ ಅವರೇ, ಚಕ್ರಕ್ಕೂ ಅವರೇ, ಕಮಲಕ್ಕೂ ಅವರೇ. ಬೆಳಿಗ್ಗೆ ಒಬ್ಬರ ಜೀಪಿನಲ್ಲಿ ಕೂತು ಮತ ಕೇಳುವುದು, ಮಧ್ಯಾಹ್ನ ರೊಟ್ಟಿ ತಿಂದು ಎದುರಾಳಿಯ ಜೀಪು ಹತ್ತುವುದು. ಯಾರಾದರೂ ಚುಡಾಯಿಸಿದರೆ, "ದನಿ ಎಲ್ಲಾರಿಗೂ ಕೊಡ್ತೀನಿ, ಓಟು ಒಬ್ಬರಿಗೇ ಹಾಕ್ತೀನಿ" ಅನ್ನುತ್ತಿದ್ದರು. ಆ ಒಬ್ಬರು ಯಾರೆಂದು ಹೆಂಡತಿ ಅಕ್ಬರಿ ಬೇಗಂಗೂ ಹೇಳಿದವರಲ್ಲ.

ಮೈಕು ಸೆಟ್ಟು ನನ್ನದು. ನಾನು ಶಿವಲಿಂಗ. ಬಸ್ ನಿಲ್ದಾಣದ ಎದುರು ಸೌಂಡ್ ಸರ್ವಿಸ್ ಅಂಗಡಿ ಇಟ್ಟುಕೊಂಡು ಊರಿನ ಮದುವೆ, ಸಭೆ, ಸಾವು ಎಲ್ಲಕ್ಕೂ ಕೂಗು ಹಾಕಿಸಿದವನು. ನಬಿಸಾಬರ ಜೀಪಿನಲ್ಲಿ ಅವರ ಪಕ್ಕದಲ್ಲೇ ಇರುತ್ತಿದ್ದೆ. ಅವರ ಕಸುಬಿನ ಗುಟ್ಟೇನೆಂದರೆ, "ಮತದಾರ ಬಾಂಧವರೇ" ಅಂತ ಸುಮ್ಮನೆ ಶುರು ಮಾಡುತ್ತಿರಲಿಲ್ಲ. ಕ್ಷೇತ್ರದ ಊರುಗಳ ಹೆಸರನ್ನೆಲ್ಲ ದಾರಿಯ ಕ್ರಮದಲ್ಲೇ ಕೂಗುತ್ತಿದ್ದರು. ಕುರಿಕೋಟಾ, ಮಹಾಗಾಂವ, ಡೊಂಗರಗಾಂವ, ಓಕಳಿ, ಸೊಂತ... ಒಂದು ತಾಂಡಾವನ್ನೂ ಬಿಡದೆ, ಕೊನೆಗೆ ಕಮಲಾಪುರ. ತಮ್ಮ ಊರಿನ ಹೆಸರು ಬಂದಾಗ ಹೆಂಗಸರು ಬೀಸುಕಲ್ಲು ನಿಲ್ಲಿಸಿ ಬಾಗಿಲಿಗೆ ಬರುತ್ತಿದ್ದರು. ಸುಳ್ಳಲ್ಲ, ನಾನೇ ನೋಡಿದ್ದೇನೆ.

ದಿನವಿಡೀ ಕೂಗಿ ಗಂಟಲು ಕಟ್ಟಿದಾಗ ಹಚ್ಚಲೆಂದು ಒಂದು ಒಳ್ಳೆಯ ಕ್ಯಾಸೆಟ್ ಇಟ್ಟಿದ್ದೆವು. ಪ್ರತಿ ಚುನಾವಣೆಗೂ ಅದೇ ಕ್ಯಾಸೆಟ್. ಹಳೆಯ ಪ್ರಚಾರದ ಮೇಲೆ ಹೊಸದನ್ನು ತುಂಬುವುದು, ಸೋತವರ ಮೇಲೆ ಗೆದ್ದವರು, ಗೆದ್ದವರ ಮೇಲೆ ಮತ್ತೊಬ್ಬರು. ರೆಕಾರ್ಡ್ ಮಾಡುತ್ತಿದ್ದುದು ನಬಿಸಾಬರ ಮನೆಯ ಪಡಸಾಲೆಯಲ್ಲಿ. ನಾನು ಬಟನ್ ಒತ್ತಿ ನಿಲ್ಲಿಸುವ ಮೊದಲೇ ಈ ಮನುಷ್ಯ ಒಳಗೆ ಚಹಾಕ್ಕೆ ಕೂಗು ಹಾಕಿಬಿಡುತ್ತಿದ್ದರು. ಪ್ರತಿ ಸಲ ನನ್ನ ಕೈಲಿ ಬೈಸಿಕೊಂಡರೂ ಆ ಚಾಳಿ ಹೋಗಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಕ್ಷೇತ್ರ ಮರುವಿಂಗಡಣೆಯಾಯಿತು. ಕಮಲಾಪುರವೆಂಬ ವಿಧಾನಸಭಾ ಕ್ಷೇತ್ರವೇ ಇಲ್ಲ ಎಂದರು. ನಮ್ಮೂರು ಗುಲ್ಬರ್ಗಾ ಗ್ರಾಮೀಣಕ್ಕೆ ಹೋಯಿತು. ಮುಂದೆ ಊರು ತಾಲ್ಲೂಕಾಯಿತು, ಕಚೇರಿ ಬಂತು, ಬೋರ್ಡು ಬಂತು. ಕ್ಷೇತ್ರ ಮಾತ್ರ ತಿರುಗಿ ಬರಲಿಲ್ಲ.

ಆ ಸಲವೂ ನಬಿಸಾಬರೇ ಜೀಪು ಹತ್ತಿದರು. ಮೈಕು ಹಿಡಿದು "ಕಮಲಾಪುರ ಮತಕ್ಷೇತ್ರದ ಮತದಾರ ಬಾಂಧವರೇ" ಅಂದರು. ಅಭ್ಯರ್ಥಿಯ ಕಡೆಯವರು ತಿದ್ದಿದರು. ಮುಂದಿನ ಊರಿನಲ್ಲಿ ಮತ್ತೆ ಅದೇ ಮಾತು. ಮೂರನೇ ದಿನಕ್ಕೂ ನಾಲಿಗೆ ಹೊರಳಲಿಲ್ಲ. ಹೊಸ ಮತಕ್ಷೇತ್ರದಲ್ಲೇ ಇಲ್ಲದ ಎರಡು ಊರುಗಳ ಹೆಸರನ್ನೂ ಸೇರಿಸಿ ಕೂಗಿದರು. ಅಭ್ಯರ್ಥಿಯ ಅಳಿಯ ನಡುದಾರಿಯಲ್ಲೇ ಜೀಪು ನಿಲ್ಲಿಸಿ, "ಇಳೀರಿ ಸಾಬರ, ನಿಮ್ಮ ಕ್ಷೇತ್ರ ಸತ್ತು ಹೋಗ್ಯಾದ" ಅಂದ. ನಬಿಸಾಬರು ಇಳಿದು, ಬಿಸಿಲಲ್ಲಿ ನಡೆದುಕೊಂಡೇ ಊರಿಗೆ ಹೋದರು.

ನಾನು ಇಳಿಯಲಿಲ್ಲ. ಅಷ್ಟೇ ಅಲ್ಲ, ಮರುದಿನ ಅದೇ ಕ್ಯಾಸೆಟ್ಟಿಗೆ ನನ್ನ ಕತ್ತೆ ದನಿಯಲ್ಲಿ "ಗುಲ್ಬರ್ಗಾ ಗ್ರಾಮೀಣ ಮತಕ್ಷೇತ್ರ" ಅಂತ ತುಂಬಿ ಊರೂರು ತಿರುಗಿದೆ. ಥೂ ನನ್ನ! ಅವರಿಗೆ ಈ ವಿಷಯ ಹೇಳುವ ಧೈರ್ಯ ಆಗಲಿಲ್ಲ.

ನಾಲ್ಕು ವರ್ಷಕ್ಕೆ ನಬಿಸಾಬರಿಗೆ ಗಂಟಲಿನ ಗಡ್ಡೆ ಬಂತು. ಆಪರೇಷನ್ ಆಗಿ ಜೀವ ಉಳಿಯಿತು, ದನಿ ಹೋಯಿತು. ಗುಲ್ಬರ್ಗಾ ಪಕ್ಕದ ಕೋಟನೂರಿನಲ್ಲಿ ಮನೆ ಕಟ್ಟಿದ್ದ ಮಗ ಗಂಡ ಹೆಂಡತಿ ಇಬ್ಬರನ್ನೂ ಕರೆದೊಯ್ದ. ಅಂದಿನಿಂದ ನಬಿಸಾಬರ ಮಾತೆಲ್ಲ ಒಂದು ಪಾಟಿಯ ಮೇಲೆ, ಬಳಪದಲ್ಲಿ.

ಇಪ್ಪತ್ತಮೂರರ ಚುನಾವಣೆ ಹೊತ್ತಿನಲ್ಲಿ ಗುಲ್ಬರ್ಗಾದ ನೆಹರು ಗಂಜ್ ಮಾರುಕಟ್ಟೆಗೆ ಹೋದವನು ಹಾಗೇ ಕೋಟನೂರಿಗೂ ಹೋದೆ. ಕೂತಿದ್ದಾಗ ಓಣಿಯಲ್ಲಿ ಪ್ರಚಾರದ ಗಾಡಿ ಬಂತು. ಎಲ್ಲೋ ಸ್ಟುಡಿಯೋದಲ್ಲಿ ಮಾಡಿಸಿದ ನಯವಾದ ದನಿ, "ಸಮಸ್ತ ಗ್ರಾಮಗಳ ಮತದಾರರೇ" ಅಂದಿತು. ನಬಿಸಾಬರು ಸಿಟ್ಟಿನಿಂದ ಪಾಟಿಯ ಮೇಲೆ ಗೀಚಿದರು: "ಒಂದ ಊರಿನ ಹೆಸರೂ ತಗೊಳ್ಳಾಂಗಿಲ್ಲ." ಅದನ್ನು ಒರೆಸಿ ಮತ್ತೆ ಬರೆದರು: "ನನ್ನ ಕ್ಯಾಸೆಟ್ ಐತೇನು?"

ಮೊಮ್ಮಗಳು ಅಲ್ಫಿಯಾ ಓದಿ ನನ್ನ ಕಡೆ ತಿರುಗಿದಳು. ಹದಿನಾಲ್ಕರ ಹುಡುಗಿ. "ದಾದಾನ ದನಿ ನನಗ ನೆನಪೇ ಇಲ್ರಿ ಕಾಕಾ. ಎಲ್ಲಾರೂ ಹೇಳ್ತಾರ, ನಾ ಒಬ್ಬಾಕಿನ ಕೇಳಿಲ್ಲ. ಐತೇನ್ರಿ?"

"ನೋಡ್ತೀನವ್ವ" ಅಂದು ಎದ್ದು ಬಂದೆ.

ಎಂಟು ದಿನ ಆ ಕ್ಯಾಸೆಟ್ ಹಚ್ಚಲು ಕೈ ಬರಲಿಲ್ಲ. ಅದರಲ್ಲಿ ಇರುವುದು ನನ್ನ ದನಿ ಅಂತ ನನಗೆ ಗೊತ್ತಲ್ಲ! ಕೊನೆಗೆ, ಬೈಸಿಕೊಂಡರೆ ಬೈಸಿಕೊಳ್ಳೋಣ, ಈ ಭಾರ ಇನ್ನೆಷ್ಟು ದಿನ ಹೊರಲಿ ಅಂತ ಹಳೆಯ ಟೇಪ್‌ರೆಕಾರ್ಡರ್ ಕಂಕುಳಲ್ಲಿಟ್ಟು ಬಸ್ಸು ಹತ್ತಿದೆ.

ಅಕ್ಬರಿ ಬೇಗಂ ಅಡುಗೆಮನೆಯಲ್ಲಿದ್ದರು. ನಾನು ನಬಿಸಾಬರ ಮುಂದೆ ಕೂತು, "ನಿಮ್ಮ ದನಿ ಅಳಿಸಿದವ ನಾನಽ. ನಿಮ್ಮನ್ನ ಇಳಿಸಿದ ಮರುದಿನ ನಾನಽ ತುಂಬೀನಿ. ತಪ್ಪಾತರಿ" ಅಂದೆ. ಅಲ್ಫಿಯಾಳ ಮುಖ ಸಣ್ಣದಾಯಿತು. ನಬಿಸಾಬರು ಬಳಪ ಎತ್ತಿಕೊಂಡು, "ಗೊತ್ತದ. ನಮ್ಮ ಓಣ್ಯಾಗೂ ಹಚ್ಚಿದ್ದಿ. ನಿನ್ನ ದನಿ ಭಾಳ ಕೆಟ್ಟಿತ್ತು" ಅಂತ ಬರೆದರು. ಭುಜ ಕುಣಿಸಿ ನಕ್ಕರು. ನನಗೆ ಅಳು ಬಂತು.

ಬಟನ್ ಒತ್ತುವಂತೆ ಅವರೇ ಸನ್ನೆ ಮಾಡಿದರು. ನನ್ನ ಕಿರುಚಾಟ ಶುರುವಾಯಿತು, ಮುಗಿಯಿತು. ಬರೀ ಸರಸರ ಸದ್ದು. ನಿಲ್ಲಿಸಲು ಕೈ ಚಾಚಿದೆ. ನಬಿಸಾಬರು ನನ್ನ ಮಣಿಕಟ್ಟು ಹಿಡಿದುಕೊಂಡರು. ನನ್ನ ಪ್ರಚಾರ ಗಿಡ್ಡದು. ಅವರದು ಅದಕ್ಕಿಂತ ಉದ್ದ ಇತ್ತು, ಕೊನೆಯ ತುಂಡು ಅಳಿಯದೆ ಉಳಿದಿತ್ತು.

"...ಡೊಂಗರಗಾಂವ, ಓಕಳಿ, ಸೊಂತ, ಕಮಲಾಪುರ! ಕಮಲಾಪುರ ಮತಕ್ಷೇತ್ರದ ತಾಯಂದಿರೇ, ಅಣ್ಣ ತಮ್ಮಂದಿರೇ, ಮರೀಬ್ಯಾಡ್ರಿ!"

ಅಯ್ಯೋ ಶಿವನೇ, ಎಂಥಾ ದನಿ ಅದು! ಅಲ್ಫಿಯಾ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ನಬಿಸಾಬರ ತುಟಿಗಳು ಊರಿನ ಹೆಸರುಗಳ ಜೊತೆಗೇ ಅಲುಗುತ್ತಿದ್ದವು. ಆಮೇಲೆ ಮೈಕು ಕೆಳಗಿಟ್ಟ ಸದ್ದು, ಅದರ ಹಿಂದೆಯೇ ಅದೇ ದನಿ, ಮನೆಯ ಮಾತಿನಲ್ಲಿ, ಗಟ್ಟಿಯಾಗಿ:

"ಅಕ್ಬರೀ! ಚಾ ರಕ್ಖೋ!"

"ರಕ್ಖೀ ಜೀ!" ಒಳಗಿನಿಂದ ಉತ್ತರ ಬಂತು.

ಅದು ಕ್ಯಾಸೆಟ್ಟಿನಿಂದ ಬಂದದ್ದಲ್ಲ. ಕೋಟನೂರಿನ ಅಡುಗೆಮನೆಯಿಂದ ಬಂದದ್ದು. ಒಳಗೆ ನೀರಿನ ನಲ್ಲಿ ನಿಂತಿತು. ಅಕ್ಬರಿ ಬೇಗಂ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, ಮೊದಲು ಗಂಡನ ಬಾಯಿ ನೋಡಿದರು, ಆಮೇಲೆ ಟೇಪ್‌ರೆಕಾರ್ಡರ್ ನೋಡಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ನನಗೆ ಹೇಳಿದರು:

"ಇನ್ನೊಮ್ಮೆ ಹಚ್ರಿ, ಶಿವಲಿಂಗಣ್ಣ. ನಾ ಒಳಗ ಹೋಗಿ ನಿಂದರ್ತೀನಿ."